ಚೀನಾದೇಶದ ಪುಣ್ಯವಂತೆ ಅಜ್ಜಿ: ಕ್ಯಾಂಡಿಡಾ ಷು ಅಮ್ಮನವರು (1607–1680)

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ಅದರಲ್ಲಿ ಪೂಜ್ಯ ಧರ್ಮಾಧ್ಯಕ್ಷರ ಆಶೀರ್ವಾದ, ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ಗಂಟೆಗೋಪುರಕ್ಕೂ ಬಲಿಪೀಠಕ್ಕೂ ದಾನ ಕೊಟ್ಟ ಮಹನೀಯರ ಹೆಸರುಗಳು ಇರುವುದು ವಾಡಿಕೆ. ಇರಬೇಕಾದುದೇ ಸರಿ. ಆದರೆ ಇಂತಹ ಪಟ್ಟಿಗಳನ್ನು ಮೇಲಿಂದ ಕೆಳಗಿನವರೆಗೆ ಓದಿದರೂ ಹೆಣ್ಣುಮಕ್ಕಳ ಹೆಸರು ಸಿಗುವುದು ಅಪರೂಪ. ಮಕ್ಕಳಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದವರು ಯಾರು, ಸಂಜೆ ದೀಪ ಹಚ್ಚಿ ಮನೆಮಂದಿಯನ್ನು ಜಪಸರಕ್ಕೆ ಕೂರಿಸಿದವರು ಯಾರು, ಪಕ್ಕದ ಮನೆಯಲ್ಲಿ ಸಾಯುತ್ತಿದ್ದವರಿಗಾಗಿ ಗುರುಗಳನ್ನು ಕರೆತರಲು ಮಧ್ಯರಾತ್ರಿಯಲ್ಲಿ ಹುಡುಗನನ್ನು ಓಡಿಸಿದವರು ಯಾರು ಎಂದು ಕೇಳಿದರೆ ಮಾತ್ರ ಪ್ರತಿ ಮನೆಯಲ್ಲಿಯೂ ಒಬ್ಬ ಅಜ್ಜಿಯ ಹೆಸರು ಹೇಳುತ್ತಾರೆ.

ಅಂತಹ ಅಜ್ಜಿಯರಲ್ಲಿ ಒಬ್ಬಾಕೆಯ ಜೀವನಚರಿತ್ರೆ ಮುನ್ನೂರು ವರ್ಷಗಳ ಹಿಂದೆಯೇ ಅಚ್ಚಾಗಿ ಯೂರೋಪಿನಲ್ಲೆಲ್ಲ ಓದಲ್ಪಟ್ಟಿತು. ಆಕೆ ರಾಣಿಯಲ್ಲ, ಸನ್ಯಾಸಿನಿಯಲ್ಲ, ಶ್ರೀಸಭೆ ಇಂದಿಗೂ ಆಕೆಯನ್ನು ಸಂತಳೆಂದು ಘೋಷಿಸಿಲ್ಲ. ಎಂಟು ಮಕ್ಕಳನ್ನು ಹೆತ್ತು, ವಿಧವೆಯಾಗಿ, ಮೊಮ್ಮಕ್ಕಳನ್ನು ಕಂಡು, ಎಪ್ಪತ್ತಮೂರು ವರ್ಷ ಬಾಳಿದ ಗೃಹಿಣಿ. ಹೆಸರು ಕ್ಯಾಂಡಿಡಾ ಷು. ನಮ್ಮ ಊರಿನವರಾಗಿದ್ದರೆ ಕ್ಯಾಂಡಿಡಮ್ಮನವರೆಂದು ಕರೆಯುತ್ತಿದ್ದೆವು. ನಾನೂ ಹಾಗೆಯೇ ಕರೆಯುವೆನು. ನಾನು ಸೆಮಿನರಿಯಲ್ಲಿ ಶ್ರೀಸಭೆಯ ಚರಿತ್ರೆಯನ್ನು ಓದಿದ ಕಾಲದಲ್ಲಿ ಚೀನಾದೇಶದ ವಿಷಯವೆಂದರೆ ಅಲ್ಲಿನ ಆಚರಣೆಗಳನ್ನು ಕುರಿತು ಯೇಸುಸಭೆಯವರಿಗೂ ಇತರ ಸಭೆಗಳವರಿಗೂ ನಡೆದ ದೊಡ್ಡ ವಾದವಿವಾದವೇ ಆಗಿತ್ತು. ವಾದ ಮಾಡಿದವರೆಲ್ಲರ ಹೆಸರನ್ನೂ ಬಾಯಿಪಾಠ ಮಾಡಿದೆವು. ಆ ವಾದ ನಡೆಯುತ್ತಿದ್ದಾಗ ಇಗರ್ಜಿಗಳನ್ನು ಕಟ್ಟಿಸಿದವರು ಯಾರೆಂಬ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಚೀನಾದೇಶವನ್ನು ಪ್ರವೇಶಿಸಬೇಕೆಂಬ ಹಂಬಲದಿಂದ ಸಂತ ಫ್ರಾನ್ಸಿಸ್ ಕ್ಸೇವಿಯರರು 1552ರಲ್ಲಿ ಅದರ ತೀರದ ಒಂದು ದ್ವೀಪದಲ್ಲಿ ಪ್ರಾಣಬಿಟ್ಟ ಸಂಗತಿ ನಮ್ಮೆಲ್ಲರಿಗೂ ತಿಳಿದುದೇ. ಗೋವೆಗೆ ಹೋಗಿ ಅವರ ದೇಹದ ದರ್ಶನ ಪಡೆದು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಂದ ಸಾಧ್ಯವಾಗದ ಕಾರ್ಯವನ್ನು ಅದೇ ಯೇಸುಸಭೆಯ ಮತ್ತೆಯೊ ರಿಚ್ಚಿ ಸ್ವಾಮಿಗಳು ಸಾಧಿಸಿದರು. ಚೀನೀ ಭಾಷೆಯನ್ನು ಕಲಿತು, ಅಲ್ಲಿನ ಪಂಡಿತರಂತೆ ಉಡುಪು ಧರಿಸಿ, ಗಣಿತ ಖಗೋಳಗಳ ಮೂಲಕ ವಿದ್ವಾಂಸರ ಸ್ನೇಹ ಗಳಿಸಿದರು. ಆ ವಿದ್ವಾಂಸರಲ್ಲಿ ಅಗ್ರಗಣ್ಯರು ಶಾಂಘೈ ಊರಿನ ಷು ಗ್ವಾಂಗ್‌ಚಿ. ಇವರು 1603ರಲ್ಲಿ ನಾನ್‌ಜಿಂಗ್ ನಗರದಲ್ಲಿ ಪೌಲನೆಂಬ ಹೆಸರಿನಿಂದ ಜ್ಞಾನಸ್ನಾನ ಪಡೆದರು. ಮರುವರ್ಷ ರಾಜ್ಯದ ಅತ್ಯುನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾದರು. ರಿಚ್ಚಿ ಸ್ವಾಮಿಗಳೊಡನೆ ಕುಳಿತು ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಚೀನೀ ಭಾಷೆಗೆ ತಂದರು. ಬೇಸಾಯವನ್ನು ಕುರಿತು ಇವರು ಬರೆದ ಬೃಹತ್ ಗ್ರಂಥ ಇಂದಿಗೂ ಪ್ರಸಿದ್ಧವಾಗಿದೆ. ಕೊನೆಗೆ ಚಕ್ರವರ್ತಿಯ ಮಹಾಮಂತ್ರಿಗಳಲ್ಲೊಬ್ಬರಾಗಿ 1633ರಲ್ಲಿ ತೀರಿಕೊಂಡರು.

ಯೂಕ್ಲಿಡನ ಆ ಅನುವಾದ ಹೊರಬಂದ 1607ರಲ್ಲಿಯೇ ಪೌಲರ ಒಬ್ಬನೇ ಮಗನಿಗೆ ಹೆಣ್ಣು ಮಗು ಹುಟ್ಟಿತು. ಅದೇ ನಮ್ಮ ಕ್ಯಾಂಡಿಡಾ. ಆ ವರ್ಷ ಪೌಲರ ತಂದೆ ತೀರಿಕೊಂಡುದರಿಂದ, ಅಲ್ಲಿನ ಪದ್ಧತಿಯಂತೆ ಅವರು ಸರಕಾರಿ ಹುದ್ದೆಯನ್ನು ಬಿಟ್ಟು ಶೋಕಾಚರಣೆಗಾಗಿ ಸ್ವಂತ ಊರಿಗೆ ಹಿಂದಿರುಗಿದರು. 1608ರಲ್ಲಿ ಕತ್ತಾನೆಯೊ ಎಂಬ ಯೇಸುಸಭೆಯ ಗುರುಗಳನ್ನು ಶಾಂಘೈಗೆ ಬರಮಾಡಿಕೊಂಡರು. ಆ ಊರಿನ ಶ್ರೀಸಭೆಯ ವಯಸ್ಸೂ ಆ ಮಗುವಿನ ವಯಸ್ಸೂ ಹೆಚ್ಚುಕಡಿಮೆ ಒಂದೇ ಎನ್ನಬಹುದು.

ಮೊಮ್ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ, 1616ರಲ್ಲಿ, ನಾನ್‌ಜಿಂಗ್‌ನ ಒಬ್ಬ ದೊಡ್ಡ ಅಧಿಕಾರಿ ವಿದೇಶೀ ಗುರುಗಳ ಮೇಲೆ ದೂರು ಹೊರಿಸಿ ಹಿಂಸೆಯನ್ನಾರಂಭಿಸಿದನು. ತಾತನು ಹೆದರದೆ ಗುರುಗಳ ಪರವಾಗಿ ಚಕ್ರವರ್ತಿಗೆ ಮನವಿಯನ್ನು ಬರೆದು ಸಲ್ಲಿಸಿದನು. ಹುದ್ದೆಯೂ ತಲೆಯೂ ಹೋಗಬಹುದಾಗಿದ್ದ ಕಾಲವದು. ಮನೆಯ ಹಿರಿಯನು ವಿಶ್ವಾಸಕ್ಕಾಗಿ ಏನನ್ನು ಪಣಕ್ಕೊಡ್ಡಿದನೆಂಬುದನ್ನು ಮಕ್ಕಳು ನೋಡುತ್ತಲೇ ಇರುತ್ತಾರೆ. ನಾವು ಭಾನುವಾರದ ಜ್ಞಾನೋಪದೇಶದಲ್ಲಿ ಕಲಿಸುವುದಕ್ಕಿಂತ ಅದು ಆಳವಾಗಿ ಇಳಿಯುತ್ತದೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಕ್ಯಾಂಡಿಡಾಳಿಗೆ ಹದಿನಾರನೆಯ ವಯಸ್ಸಿನಲ್ಲಿ ಮದುವೆಯಾಯಿತು. ಶಾಂಘೈಗೆ ನೈಋತ್ಯದಲ್ಲಿರುವ ಸೊಂಗ್‌ಜಿಯಾಂಗ್ ಪಟ್ಟಣದ ಸಿರಿವಂತ ಮನೆತನ. ವರನ ಹೆಸರು ಷು ಯುವಾನ್‌ದು. ಆ ಮನೆತನದ ಹೆಸರೂ ನಮ್ಮ ಕಿವಿಗೆ ಷು ಎಂದೇ ಕೇಳಿಸಿದರೂ ಚೀನೀ ಲಿಪಿಯಲ್ಲಿ ಬೇರೆ ಅಕ್ಷರ, ಬೇರೆ ಕುಲ. ವರನು ಕ್ರೈಸ್ತನಲ್ಲ. ಈಗಿನ ಕೆಲವು ವಾಚಕರಿಗೆ ಇದು ಆಶ್ಚರ್ಯವೆನಿಸಬಹುದು. ಆದರೆ ವಿಶ್ವಾಸಿಗಳ ಮನೆಗಳು ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ ಸಮಾನ ಅಂತಸ್ತಿನ ಕ್ರೈಸ್ತ ವರನನ್ನು ಎಲ್ಲಿಂದ ತರುವುದು?

ಅತ್ತೆಯ ಮನೆಗೆ ಹೋದ ಹೆಣ್ಣು ಆ ಮನೆಯ ಪಿತೃಗಳನ್ನೂ ದೇವತೆಗಳನ್ನೂ ಪೂಜಿಸಬೇಕೆಂಬುದು ಅಲ್ಲಿನ ಕಟ್ಟು. ತವರಿನಲ್ಲಿ ಆಕೆಗೆ ದೇವಾಲಯವಿತ್ತು, ಗುರುಗಳಿದ್ದರು, ತಾತನ ಹೆಸರಿನ ರಕ್ಷಣೆಯಿತ್ತು. ಇಲ್ಲಿ ಏನಿದ್ದರೂ ಆಕೆಯ ಎದೆಯೊಳಗಿನ ವಿಶ್ವಾಸ ಮತ್ತು ಕೈಯಲ್ಲಿನ ಜಪಸರ, ಅಷ್ಟೇ. ಸುಮಾರು ಮೂವತ್ತು ವರ್ಷ ಆಕೆ ಆ ಮನೆಯಲ್ಲಿ ಸೊಸೆಯಾಗಿ, ಹೆಂಡತಿಯಾಗಿ, ತಾಯಿಯಾಗಿ ಬಾಳಿದಳು. ಎಂಟು ಮಕ್ಕಳಾದರು, ಎಲ್ಲರನ್ನೂ ಕ್ರೈಸ್ತ ವಿಶ್ವಾಸದಲ್ಲಿ ಬೆಳೆಸಿದಳು. ಗಂಡನೊಡನೆ ಜಗಳವಾಡಿದಳೆಂದು ಆಕೆಯ ಚರಿತ್ರಕಾರರು ಹೇಳುವುದಿಲ್ಲ, ಬಲವಂತ ಮಾಡಿದಳೆಂದೂ ಹೇಳುವುದಿಲ್ಲ. ಸಾಯುವುದಕ್ಕೆ ಎರಡು ವರ್ಷ ಮೊದಲು ಗಂಡನು ತಾನಾಗಿಯೇ ಜ್ಞಾನಸ್ನಾನ ಪಡೆದನು. ಇಪ್ಪತ್ತೆಂಟು ವರ್ಷದ ಕಾಯುವಿಕೆಯನ್ನು ಒಂದು ವಾಕ್ಯದಲ್ಲಿ ಬರೆದುಬಿಟ್ಟೆನು. ಗಂಡನ ಮನಃಪರಿವರ್ತನೆಗಾಗಿ ದಿನವೂ ಪ್ರಾರ್ಥಿಸುವ ತಾಯಂದಿರು ನಮ್ಮ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಆ ವಾಕ್ಯದ ಭಾರ ಎಷ್ಟೆಂಬುದು ಅವರಿಗೆ ಗೊತ್ತು.

ಈ ನಡುವೆ ದೇಶದ ಚರಿತ್ರೆಯೇ ತಲೆಕೆಳಗಾಯಿತು. ತಾತನು ಸೇವೆ ಸಲ್ಲಿಸಿದ್ದ ಮಿಂಗ್ ರಾಜವಂಶ 1644ರಲ್ಲಿ ಕುಸಿಯಿತು. ಉತ್ತರದಿಂದ ಬಂದ ಮಂಚೂ ಸೈನ್ಯ ಮರುವರ್ಷ ಸೊಂಗ್‌ಜಿಯಾಂಗ್ ಸೀಮೆಯನ್ನು ಹಿಡಿಯಿತು. ಸುತ್ತಮುತ್ತಲ ಊರುಗಳಲ್ಲಿ ರಕ್ತ ಹರಿಯಿತು. ಕ್ಯಾಂಡಿಡಮ್ಮನವರ ಮಗ ಬೆಸಿಲ್ ಎಂಬ ಷು ತ್ಸುವಾನ್‌ತ್ಸೆಂಗ್ ಹೊಸ ರಾಜವಂಶದ ಪರೀಕ್ಷೆಯನ್ನು 1649ರಲ್ಲಿ ಮುಗಿಸಿ ಅಧಿಕಾರಿಯಾದನು. ತಾತನದು ಹಳೆಯ ರಾಜ್ಯ, ಮಗನದು ಹೊಸ ರಾಜ್ಯ. ನಡುವೆ ಮನೆಯನ್ನು ಹಿಡಿದು ನಿಲ್ಲಿಸಿದವರು ಆ ತಾಯಿ.

1653ರಲ್ಲಿ ಗಂಡ ತೀರಿಕೊಂಡಾಗ ಕ್ಯಾಂಡಿಡಮ್ಮನವರಿಗೆ ನಲವತ್ತಾರು ವರ್ಷ. ಚೀನೀ ಸಮಾಜದಲ್ಲಿ ಅಂತಸ್ತಿನ ಮನೆಯ ಹೆಂಗಸು ಹೊಸಿಲು ದಾಟುವುದೇ ಕಷ್ಟ. ಪರಪುರುಷರೊಡನೆ ಮಾತನಾಡುವಂತಿಲ್ಲ, ದೇವಾಲಯದಲ್ಲಿ ಗಂಡಸರೊಡನೆ ಕೂರುವಂತಿಲ್ಲ. ಆದುದರಿಂದ ಗುರುಗಳು ಹೆಂಗಸರಿಗೆಂದೇ ಬೇರೆ ಪ್ರಾರ್ಥನಾಲಯಗಳನ್ನು ಏರ್ಪಡಿಸಿ, ವರ್ಷದಲ್ಲಿ ಕೆಲವು ಸಲ ಮಾತ್ರ ಅಲ್ಲಿ ಪೂಜೆಯನ್ನರ್ಪಿಸುತ್ತಿದ್ದರು. ಉಳಿದ ದಿನಗಳಲ್ಲೆಲ್ಲ ಹೆಂಗಸರ ಶ್ರೀಸಭೆಯನ್ನು ಹೆಂಗಸರೇ ನಡೆಸಬೇಕು: ಜಪಗಳನ್ನು ಹೇಳಿಕೊಡುವುದು, ಹೊಸಬರಿಗೆ ಉಪದೇಶ, ಹಬ್ಬಗಳಿಗೆ ಸಿದ್ಧತೆ, ರೋಗಿಗಳ ಭೇಟಿ. ವಿಧವೆಯಾದ ಮೇಲೆ, ಮಕ್ಕಳು ದೊಡ್ಡವರಾದ ಮೇಲೆ, ಮನೆಯ ಹಿರಿಯಳೆಂಬ ಅಧಿಕಾರ ಬಂದ ಮೇಲೆ ಕ್ಯಾಂಡಿಡಮ್ಮನವರ ನಿಜವಾದ ಕೆಲಸ ಆರಂಭವಾಯಿತು. ನಲವತ್ತಾರರ ನಂತರದ ಇಪ್ಪತ್ತೇಳು ವರ್ಷಗಳೇ ಆಕೆಯನ್ನು ಚರಿತ್ರೆಯಲ್ಲಿ ನಿಲ್ಲಿಸಿದವು. ತಮ್ಮ ಕಾಲ ಮುಗಿಯಿತೆಂದು ಜಗಲಿಯ ಮೇಲೆ ಕೂರುವ ವಯಸ್ಸಿನಲ್ಲಿ ಈಕೆ ಎದ್ದು ನಿಂತರು.

ಹಣ ಎಲ್ಲಿಂದ ಬಂತು? ಮನೆತನ ಶ್ರೀಮಂತವಾಗಿತ್ತು, ನಿಜ. ಆದರೆ ಆಸ್ತಿ ಗಂಡನ ಕುಲಕ್ಕೆ, ಗಂಡುಮಕ್ಕಳಿಗೆ ಸೇರಿದುದು. ಅದರಿಂದ ತೆಗೆದು ಇಗರ್ಜಿಗೆ ಕೊಟ್ಟಿದ್ದರೆ ಮನೆಯಲ್ಲಿ ಮಾತು ಬರುತ್ತಿತ್ತು. ಆ ಸೀಮೆ ಹತ್ತಿ ಬಟ್ಟೆಗೂ ರೇಷ್ಮೆಯ ಕಸೂತಿಗೂ ಹೆಸರಾದುದು. ಶಾಂಘೈಯ ಕಸೂತಿಯೆಂದರೆ ಚೀನಾದಲ್ಲೆಲ್ಲ ಬೆಲೆ. ಕ್ಯಾಂಡಿಡಮ್ಮನವರು ಮನೆಯ ಕೆಲಸದ ಹೆಣ್ಣುಮಕ್ಕಳನ್ನು ಸುತ್ತ ಕೂರಿಸಿಕೊಂಡು ರೇಷ್ಮೆಯಲ್ಲಿ ಕಸೂತಿ ಹಾಕಿಸಿ, ತಾವೂ ಹಾಕಿ, ಅದನ್ನು ಮಾರಿಸಿ, ಬಂದುದನ್ನು ವರ್ಷಗಟ್ಟಲೆ ಕೂಡಿಟ್ಟರು. ಯಾರ ಪಾಲನ್ನೂ ಮುಟ್ಟದ, ಸ್ವಂತ ದುಡಿಮೆಯ ಹಣವದು. ಹೊರಗೆ ಬರಲಾಗದ ಹೆಂಗಸು ಒಳಮನೆಯಲ್ಲಿಯೇ ಕುಳಿತು ಸಂಪಾದಿಸಿದ್ದು.

ಆ ಹಣದಿಂದ ಅವರು ತಮ್ಮ ಸೀಮೆಯಲ್ಲಿ ಸುಮಾರು ಮೂವತ್ತು ದೇವಾಲಯಗಳನ್ನೂ ಪ್ರಾರ್ಥನಾಲಯಗಳನ್ನೂ ಕಟ್ಟಿಸಿದರೆಂದು ಹಳೆಯ ಬರೆಹಗಳು ಹೇಳುತ್ತವೆ. ಬೇರೆ ಪ್ರಾಂತಗಳಲ್ಲಿ ಕಟ್ಟಲು ನೆರವಾದವು ಅದಕ್ಕೆ ಹೊರತು. ಇವುಗಳಲ್ಲಿ ಹೆಚ್ಚಿನವು ಹಳ್ಳಿಯ ಸಣ್ಣ ಕಟ್ಟಡಗಳಾಗಿದ್ದಿರಬೇಕು. ಆದರೂ ಒಂದೇ ದೇವಾಲಯದ ಛಾವಣಿ ಬದಲಿಸುವುದಕ್ಕೆ ಎಷ್ಟು ವರ್ಷ ಬೇಕಾಗುತ್ತದೆ, ಎಷ್ಟು ಮನೆಗಳ ಬಾಗಿಲು ತಟ್ಟಬೇಕಾಗುತ್ತದೆ ಎಂಬುದನ್ನು ಅನುಭವದಿಂದ ಬಲ್ಲ ನನ್ನಂತಹ ಗುರುಗಳು ಆ ಸಂಖ್ಯೆಯನ್ನು ಓದಿ ಸುಮ್ಮನೆ ಮುಂದಿನ ಪುಟಕ್ಕೆ ಹೋಗಲಾರರು. ಇಲ್ಲಿ ಒಂದು ಮಾತು ಹೇಳಬೇಕು. ಆ ಕಸೂತಿ ಹಾಕಿದ ಕೆಲಸದ ಹೆಣ್ಣುಮಕ್ಕಳ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಒಡತಿಯ ಹೆಸರು ಉಳಿಯಿತು. ಬೆರಳು ಚುಚ್ಚಿಸಿಕೊಂಡವರದು ಉಳಿಯಲಿಲ್ಲ.

ಬೆಸಿಲನಿಗೆ ದೂರದ ಪ್ರಾಂತಗಳಲ್ಲಿ ಹುದ್ದೆ ದೊರೆತಾಗ ತಾಯಿಯೂ ಜೊತೆಗೆ ಹೋದರು. ಜಿಯಾಂಗ್ಸಿ, ಹೂಗ್ವಾಂಗ್, ಸಿಚುವಾನ್ ಎಂಬ ಒಳನಾಡುಗಳು. ನದಿಯ ಮೇಲೆ ವಾರಗಟ್ಟಲೆಯ ದೋಣಿ ಪ್ರಯಾಣ. ಐವತ್ತು ದಾಟಿದ ಹೆಂಗಸು ಇಷ್ಟು ದೂರ ಹೊರಟುದು ಮಗನ ಮೇಲಿನ ಮಮತೆಯಿಂದ ಮಾತ್ರವಲ್ಲ. ಅಧಿಕಾರಿಯ ತಾಯಿಗೆ ಅಧಿಕಾರಿಯೂ ತಲೆಬಾಗಬೇಕು ಎಂಬುದು ಚೀನೀ ಧರ್ಮ. ಮಗ ಆಳುವ ಊರಿನಲ್ಲಿ ಗುರುಗಳಿಗೊಂದು ಮನೆ, ದೇವಾಲಯಕ್ಕೊಂದು ಸ್ಥಳ ಬೇಕೆಂದು ತಾಯಿ ಕೇಳಿದರೆ ಮಗನು ಇಲ್ಲವೆನ್ನಲಾರನು. ಹೂಗ್ವಾಂಗಿನ ವೂಚಾಂಗ್ ನಗರದಲ್ಲಿ 1661ರಲ್ಲಿ ಜಾಕ್ ಮೊತೆಲ್ ಸ್ವಾಮಿಗಳು ನೆಲೆಸಿ ಧರ್ಮಕಾರ್ಯವನ್ನಾರಂಭಿಸಿದುದರ ಹಿಂದೆ ಈ ಕುಟುಂಬದ ಕೈಯಿತ್ತು.

ಮಗನ ವಿಷಯದಲ್ಲಿ ಸತ್ಯವನ್ನೇ ಹೇಳಬೇಕು. ಬೆಸಿಲನು ತಾಯಿಯಂತಹ ವಿಶ್ವಾಸಿಯಾಗಿರಲಿಲ್ಲ. ಜ್ಞಾನಸ್ನಾನ ಪಡೆದವನೇ, ಇಗರ್ಜಿಗೆ ಹಣ ಕೊಟ್ಟವನೇ. ಆದರೆ 1657ರಲ್ಲಿ ಕರ್ಮಫಲವನ್ನು ಬೋಧಿಸುವ ದಾವೋ ಮತದ ಒಂದು ಜನಪ್ರಿಯ ನೀತಿಗ್ರಂಥವನ್ನು ಚಿತ್ರಸಮೇತ ಸಂಪಾದಿಸಿ ಅಚ್ಚು ಹಾಕಿಸಿದವನೂ ಅವನೇ. ಅಧಿಕಾರಿಗಳ ನಡುವೆ ಬಾಳುವವನಿಗೆ ಎಲ್ಲರೊಡನೆ ಹೊಂದಿಕೊಳ್ಳುವ ಅಗತ್ಯವಿತ್ತೋ, ಅಥವಾ ಎರಡೂ ಒಂದೇ ಎಂಬ ಭಾವನೆಯಿತ್ತೋ, ಅವನ ಹೃದಯವನ್ನು ಬಲ್ಲವನು ದೇವರು. ಭಕ್ತೆಯಾದ ತಾಯಿಯ ಮಕ್ಕಳೆಲ್ಲರೂ ಭಕ್ತರೇ ಆಗಿರುತ್ತಾರೆಂದು ಪ್ರಸಂಗಗಳಲ್ಲಿ ನಾವು ಹೇಳುವುದುಂಟು. ಪಾಪನಿವೇದನೆಯ ಪೀಠದಲ್ಲಿ ನಲವತ್ತು ವರ್ಷ ಕುಳಿತವನು ಅದನ್ನು ಅಷ್ಟು ಸುಲಭವಾಗಿ ಹೇಳಲಾರನು. ಕ್ಯಾಂಡಿಡಮ್ಮನವರು ಮಗನನ್ನು ಬಿಟ್ಟುಕೊಡಲಿಲ್ಲ, ಅವನಿಗಾಗಿ ವಿಶ್ವಾಸವನ್ನೂ ಬಿಟ್ಟುಕೊಡಲಿಲ್ಲ.

ದೊಡ್ಡ ಶೋಧನೆ ಬಂದುದು 1664–65ರಲ್ಲಿ. ಯಾಂಗ್ ಗ್ವಾಂಗ್‌ಷಿಯನ್ ಎಂಬಾತನು ಪಂಚಾಂಗ ರಚನೆಯ ನೆಪದಿಂದ ಗುರುಗಳ ಮೇಲೆ ರಾಜದ್ರೋಹದ ಆರೋಪ ಹೊರಿಸಿದನು. ಬೀಜಿಂಗಿನ ಖಗೋಳ ಕಚೇರಿಯ ಮುಖ್ಯಸ್ಥರಾಗಿದ್ದ ವೃದ್ಧ ಆದಮ್ ಶಾಲ್ ಸ್ವಾಮಿಗಳಿಗೆ ಮರಣದಂಡನೆ ವಿಧಿಸಲ್ಪಟ್ಟಿತು. 1665ರ ಏಪ್ರಿಲಿನಲ್ಲಿ ಭೂಕಂಪವಾಗಲು ಆಸ್ಥಾನವು ಬೆದರಿ ಆ ಶಿಕ್ಷೆಯನ್ನು ಕೈಬಿಟ್ಟಿತು. ಆದರೆ ಅವರೊಡನೆ ಕೆಲಸ ಮಾಡುತ್ತಿದ್ದ ಐವರು ಚೀನೀ ಅಧಿಕಾರಿಗಳ ಶಿರಚ್ಛೇದನವಾಯಿತು. ದೇಶದ ಎಲ್ಲ ಪ್ರಾಂತಗಳಿಂದ ಗುರುಗಳನ್ನು ಹಿಡಿದು ತಂದು, ನಾಲ್ವರನ್ನು ಬೀಜಿಂಗಿನಲ್ಲಿ ಉಳಿಸಿ, ಮಿಕ್ಕ ಇಪ್ಪತ್ತೈದು ಮಂದಿಯನ್ನು ದಕ್ಷಿಣದ ಕ್ಯಾಂಟನ್ ನಗರದಲ್ಲಿ ಕೂಡಿಹಾಕಿದರು. ಅವರಿಗೆ ಬಿಡುಗಡೆಯಾದುದು 1671ರಲ್ಲಿ. ದೇವಾಲಯಕ್ಕೆ ಹಣ ಕೊಟ್ಟನೆಂಬ ದೂರಿನ ಮೇಲೆ ಬೆಸಿಲನೂ ಆಗ ಹುದ್ದೆಯನ್ನು ಕಳೆದುಕೊಂಡನು. ಆ ಹಣ ಕೊಡಿಸಿದವರು ಯಾರೆಂದು ವಾಚಕರಿಗೆ ಹೇಳಬೇಕಾಗಿಲ್ಲ. ತಾಯಿಯ ಭಕ್ತಿಗೆ ಮಗನು ಬೆಲೆ ತೆರಬೇಕಾಯಿತು. ಇದನ್ನು ನೋಡುವುದು ತಾಯಿಗೆ ಸುಲಭವಾಗಿದ್ದಿರಲಾರದು.

ಆ ಐದಾರು ವರ್ಷಗಳ ಕಾಲ ಶಾಂಘೈ, ಸೊಂಗ್‌ಜಿಯಾಂಗ್ ಸೀಮೆಯ ಹತ್ತಾರು ಸಾವಿರ ವಿಶ್ವಾಸಿಗಳು ತಮ್ಮ ಸ್ವಾಮಿಗಳಿಲ್ಲದೆ ಕಳೆದರು. ಚೀನೀಯರೇ ಆದ ಒಬ್ಬ ದೊಮಿನಿಕನ್ ಗುರುಗಳು, ಲುವೊ ವೆನ್‌ತ್ಸಾವೊ ಎಂಬುವರು, ಸ್ವದೇಶಿಯಾದುದರಿಂದ ಯಾರ ಕಣ್ಣಿಗೂ ಬೀಳದೆ ಪ್ರಾಂತದಿಂದ ಪ್ರಾಂತಕ್ಕೆ ಸಂಚರಿಸಿ ಸಂಸ್ಕಾರಗಳನ್ನು ನೀಡಿದರು. (ಇವರೇ ಮುಂದೆ 1685ರಲ್ಲಿ ಚೀನೀಯರಲ್ಲಿ ಮೊದಲ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು.) ಆದರೆ ಇಡೀ ದೇಶಕ್ಕೆ ಒಬ್ಬ ಗುರು ಎಷ್ಟು ಮಂದಿಯನ್ನು ಕಾಣಲಾದೀತು? ಪೂಜೆಯಿಲ್ಲದ ಭಾನುವಾರಗಳಲ್ಲಿ ಜನರನ್ನು ಸೇರಿಸಿದವರು ಉಪದೇಶಿಗಳು ಮತ್ತು ಮನೆಮನೆಯ ಹಿರಿಯ ಹೆಂಗಸರು. ಕ್ಯಾಂಡಿಡಮ್ಮನವರು ಕ್ಯಾಂಟನ್ನಿನಲ್ಲಿದ್ದ ಗುರುಗಳ ನಿರ್ವಹಣೆಗಾಗಿ ಅಷ್ಟು ದೂರಕ್ಕೆ ಹಣವನ್ನು ತಲಪಿಸಿದರು. ಅವರ ಆತ್ಮಗುರುಗಳಾಗಿದ್ದ ಫ್ರಾಂಚೆಸ್ಕೊ ಬ್ರಂಕಾತಿ ಸ್ವಾಮಿಗಳು ಬಿಡುಗಡೆಯ ವರ್ಷವೇ ಅಲ್ಲಿ ತೀರಿಕೊಂಡರು. ಮೂವತ್ತು ವರ್ಷ ದುಡಿದ ಊರಿಗೆ ಅವರು ಶವವಾಗಿ ಹಿಂದಿರುಗಿದರು. ಶಾಂಘೈ ಕೋಟೆಯ ದಕ್ಷಿಣ ಬಾಗಿಲಿನಾಚೆ ಅವರ ಸಮಾಧಿಯಾಯಿತು.

ಇದನ್ನು ಓದುವಾಗ ನಮ್ಮ ನಾಡಿನ ಕಥೆಯೂ ನೆನಪಾಗದಿರದು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಸೈನಿಕರು ಸೆರೆಹಿಡಿದು ಘಟ್ಟದ ಮೇಲಕ್ಕೆ, ಶ್ರೀರಂಗಪಟ್ಟಣಕ್ಕೆ ನಡೆಸಿದಾಗ, 1799ರವರೆಗಿನ ಹದಿನೈದು ವರ್ಷ ಅವರಿಗೆ ಇಗರ್ಜಿಯೂ ಇರಲಿಲ್ಲ, ಗುರುಗಳೂ ಇರಲಿಲ್ಲ. ಬದುಕಿ ಹಿಂದಿರುಗಿದವರು ಜಪಗಳನ್ನು ಮರೆತಿರಲಿಲ್ಲವೆಂದರೆ ಆ ಸೆರೆಯಲ್ಲಿಯೂ ಮಕ್ಕಳಿಗೆ ಅವುಗಳನ್ನು ಹೇಳಿಕೊಟ್ಟವರಿದ್ದರು. ಕ್ಯಾಂಡಿಡಮ್ಮನವರ ಕಾಲದಲ್ಲಿಯೇ, 1640ರ ದಶಕದ ಕೊನೆಯಲ್ಲಿ, ಅದೇ ಶ್ರೀರಂಗಪಟ್ಟಣಕ್ಕೆ ಅದೇ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು ಬಂದು, ಕನ್ನಡ ಕಲಿತು, ಮೈಸೂರಿನ ಧರ್ಮಕಾರ್ಯವನ್ನಾರಂಭಿಸಿದ್ದರು. ರಿಚ್ಚಿ ಸ್ವಾಮಿಗಳು ಚೀನಾದಲ್ಲಿ ಹಿಡಿದ ದಾರಿಯನ್ನೇ ಇವರು ಇಲ್ಲಿ ಹಿಡಿದರು.

ಕ್ಯಾಂಡಿಡಮ್ಮನವರು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದುದು ಕುರುಡರ ವಿಷಯ. ಚೀನೀ ಪಟ್ಟಣಗಳ ಬೀದಿಗಳಲ್ಲಿ ಕುರುಡರು ಕುಳಿತು ಕಣಿ ಹೇಳಿ, ಕಥೆ ಹೇಳಿ ಹೊಟ್ಟೆ ಹೊರೆಯುತ್ತಿದ್ದರು. ಕಣಿ ಹೇಳುವುದು ಪಾಪವೆಂದು ಅವರನ್ನು ಗದರಿಸುವುದು ಸುಲಭ. ನಾವಾಗಿದ್ದರೆ ಅಷ್ಟನ್ನೇ ಮಾಡುತ್ತಿದ್ದೆವೇನೋ. ಈ ತಾಯಿ ಅವರನ್ನು ಕರೆಸಿ, ಅನ್ನಕ್ಕೆ ದಾರಿ ಮಾಡಿಕೊಟ್ಟು, ವೇದದ ಸತ್ಯಗಳನ್ನು ಬಾಯಿಪಾಠವಾಗಿ ಕಲಿಸಿ, ಮತ್ತೆ ಅದೇ ಬೀದಿಗಳಿಗೆ ಕಳುಹಿಸಿದರು. ಜನರನ್ನು ಸೇರಿಸುವ ಕಲೆ ಅವರಲ್ಲಿ ಮೊದಲೇ ಇತ್ತು, ಕಂಠವಿತ್ತು, ನೆನಪಿನ ಶಕ್ತಿಯಿತ್ತು. ಈಗ ಹೇಳುವ ಕಥೆ ಬೇರೆಯಾಯಿತು. ಕೇಳಿದವರಲ್ಲಿ ಮನಸ್ಸು ಕರಗಿದವರನ್ನು ಅವರು ಗುರುಗಳ ಬಳಿಗೆ ಕರೆದೊಯ್ಯುತ್ತಿದ್ದರು. ಹರಿದಾಸರ ಕಥಾಕಾಲಕ್ಷೇಪವನ್ನು ಕೇಳಿ ಬೆಳೆದ ನಮ್ಮ ಜನರಿಗೆ ಈ ಉಪಾಯದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೂಲಗಿತ್ತಿಯರನ್ನೂ ಅವರು ಬಿಡಲಿಲ್ಲ. ಹುಟ್ಟುತ್ತಲೇ ಸಾಯುವ ಸ್ಥಿತಿಯಲ್ಲಿರುವ ಮಗುವಿಗೆ ಜ್ಞಾನಸ್ನಾನ ಕೊಡುವ ಕ್ರಮವನ್ನು ಅವರಿಗೆ ಕಲಿಸಿದರು. ಗುರುಗಳು ಕಾಲಿಡಲಾಗದ ಬಾಣಂತಿಯ ಕೋಣೆಯೊಳಗೆ ಶ್ರೀಸಭೆ ಹೀಗೆ ಪ್ರವೇಶಿಸಿತು.

ಬಡತನದಿಂದಲೋ, ಹೆಣ್ಣು ಹುಟ್ಟಿತೆಂದೋ ತಂದೆತಾಯಿಗಳು ಹಸುಗೂಸುಗಳನ್ನು ರಸ್ತೆಬದಿಯಲ್ಲಿ ಬಿಟ್ಟುಹೋಗುವುದು ಆಗ ಅಲ್ಲಿ ಸಾಮಾನ್ಯವಾಗಿತ್ತು. 1670ರ ದಶಕದಲ್ಲಿ ಕ್ಯಾಂಡಿಡಮ್ಮನವರು ಮಗನ ಮೂಲಕ ಅಧಿಕಾರಿಗಳ ಅನುಮತಿ ಪಡೆದು ಇಂತಹ ಕೂಸುಗಳಿಗಾಗಿ ಒಂದು ಆಶ್ರಯವನ್ನು ತೆರೆಸಿದರು. ದಾದಿಯರನ್ನು ನೇಮಿಸಿದರು. ಬೆಸಿಲನು ಅದರ ಮುಂದಾಳಾದನು; ಈ ಕಾರ್ಯದಲ್ಲಿ ತಾಯಿಮಗ ಒಂದಾದರು. ತಂದ ಕೂಸುಗಳಲ್ಲಿ ಬಹಳಷ್ಟು ಉಳಿಯುತ್ತಿರಲಿಲ್ಲ. ತಣ್ಣಗಾಗಿ, ಹಸಿದು, ಅರ್ಧ ಪ್ರಾಣ ಹೋದ ಮೇಲೆಯೇ ಅವು ಕೈಗೆ ಸಿಗುತ್ತಿದ್ದವು. ಉಳಿಯದವಕ್ಕೆ ಜ್ಞಾನಸ್ನಾನವನ್ನೂ ಗೌರವದ ಸಮಾಧಿಯನ್ನೂ ಕೊಡಿಸಿದರು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಇಷ್ಟೊಂದು ಸಾವುಗಳನ್ನು ನೋಡಿಯೂ ಆ ಬಾಗಿಲನ್ನು ಮುಚ್ಚದಿರುವುದಕ್ಕೆ ಎದೆ ಗಟ್ಟಿಯಿರಬೇಕು.

ಮಗನಿಗೆ ದೊರೆತ ಪದವಿಯ ಗೌರವಾರ್ಥವಾಗಿ ಚಕ್ರವರ್ತಿಯು ತಾಯಿಗೂ ಷು-ರೆನ್, ಅಂದರೆ ಗುಣವತಿಯಾದ ಮಹಿಳೆ, ಎಂಬ ಬಿರುದನ್ನು ನೀಡಿ, ಬೆಳ್ಳಿಯ ಬಿಲ್ಲೆಗಳನ್ನು ಹೊಲಿದ ರೇಷ್ಮೆಯ ನಿಲುವಂಗಿಯನ್ನೂ ಮುತ್ತುರತ್ನಗಳ ಶಿರೋಭೂಷಣವನ್ನೂ ಕಳುಹಿಸಿದನು. ರಾಜಮರ್ಯಾದೆಯನ್ನು ತಿರಸ್ಕರಿಸುವಂತಿಲ್ಲ. ಕ್ಯಾಂಡಿಡಮ್ಮನವರು ಹುಟ್ಟುಹಬ್ಬದ ದಿನ ಅವುಗಳನ್ನು ಧರಿಸಿ, ಮಕ್ಕಳು ಮೊಮ್ಮಕ್ಕಳ ನಮಸ್ಕಾರವನ್ನು ಸ್ವೀಕರಿಸಿದರು. ಆಮೇಲೆ ಒಂದೊಂದಾಗಿ ಬೆಳ್ಳಿಯ ಬಿಲ್ಲೆಗಳೂ ಮುತ್ತುಗಳೂ ಆ ಉಡುಪಿನಿಂದ ಕಾಣೆಯಾಗತೊಡಗಿದವು. ಕೆಲವು ಬಡವರ ಅನ್ನವಾದವು, ಕೆಲವು ಬಲಿಪೀಠದ ಅಲಂಕಾರವಾದವು. ಚಕ್ರವರ್ತಿಗೆ ಅವಮಾನವಾಗದ ಹಾಗೆ, ಯಾರಿಗೂ ಸದ್ದು ಕೇಳದ ಹಾಗೆ. ಮನೆಯ ಅಜ್ಜಿಯರ ಸೆರಗಿನ ಗಂಟಿನಿಂದ ಹಣ ಹೇಗೆ ಹೊರಬರುತ್ತದೆಂದು ಬಲ್ಲವರು ಇದನ್ನು ಓದಿ ನಗದಿರಲಾರರು.

ಬೆಸಿಲನು ಮತ್ತೆ ಹುದ್ದೆ ಪಡೆದು ನೈಋತ್ಯದ ಗಡಿಯ ಯುನ್ನಾನ್ ಪ್ರಾಂತಕ್ಕೆ ಹೋಗಿದ್ದನು. ಆ ಪ್ರಯಾಣವನ್ನು ಕುರಿತು ಅವನು ಬರೆದ ಪ್ರವಾಸಕಥನ ಉಳಿದಿದೆ. ಅಲ್ಲಿಂದ ಹಿಂದಿರುಗಿದ ಮೇಲೆ ತಾಯಿಯ ಬಳಿಯೇ ಇದ್ದನು. ತಾತನಿಂದ ತಾನು ಕಲಿತುದನ್ನು ಅಜ್ಜಿಯು ಮೊಮ್ಮಕ್ಕಳಿಗೆ ಕಲಿಸುತ್ತ ಕಳೆದ ವರ್ಷಗಳವು. ಬ್ರಂಕಾತಿ ಸ್ವಾಮಿಗಳ ನಂತರ ಆಕೆಯ ಆತ್ಮಗುರುಗಳಾದವರು ಬೆಲ್ಜಿಯಂ ನಾಡಿನ ಫಿಲಿಪ್ ಕುಪ್ಲೆ ಸ್ವಾಮಿಗಳು. 1680ರ ಅಕ್ಟೋಬರ್ 24ರಂದು ಸೊಂಗ್‌ಜಿಯಾಂಗಿನಲ್ಲಿ ಕ್ಯಾಂಡಿಡಮ್ಮನವರು ಪ್ರಭುವಿನಲ್ಲಿ ನಿದ್ರಿಸಿದರು.

ಮರುವರ್ಷ ಕುಪ್ಲೆ ಸ್ವಾಮಿಗಳು ಚೀನಾದ ಧರ್ಮಕಾರ್ಯಕ್ಕೆ ಗುರುಗಳನ್ನೂ ನೆರವನ್ನೂ ಬೇಡಲು ಯೂರೋಪಿಗೆ ಹೊರಟರು. ಜೊತೆಗೆ ಮೈಕೇಲ್ ಷೆನ್ ಎಂಬ ಚೀನೀ ಯುವಕನೂ ಇದ್ದನು. 1684ರಲ್ಲಿ ಇಬ್ಬರೂ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯನ್ನು ಕಂಡರು. 1688ರಲ್ಲಿ ಪ್ಯಾರಿಸಿನಲ್ಲಿ ಕುಪ್ಲೆ ಸ್ವಾಮಿಗಳು ಬರೆದ ಕ್ಯಾಂಡಿಡಮ್ಮನವರ ಜೀವನಚರಿತ್ರೆ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಸ್ಪೇನಿನ ಭಾಷೆಯಲ್ಲಿಯೂ ಫ್ಲೆಮಿಶ್ ಭಾಷೆಯಲ್ಲಿಯೂ ಹೊರಬಂತು. ಅದು ಯೂರೋಪಿನ ಸಿರಿವಂತ ಮಹಿಳೆಯರ ಮನಸ್ಸನ್ನು ಒಲಿಸಲೆಂದು ಬರೆದ ಪುಸ್ತಕ. ಆದುದರಿಂದ ಅಲ್ಲಲ್ಲಿ ಸಕ್ಕರೆ ಹೆಚ್ಚಾಗಿದೆ, ಆಕೆ ಒಂದು ದಿನವೂ ಸಿಟ್ಟಾಗಲಿಲ್ಲವೇನೋ ಎಂಬ ಭಾವನೆ ಬರುತ್ತದೆ. ಮೂವತ್ತು ದೇವಾಲಯ ಕಟ್ಟಿಸಿದವರು ಒಮ್ಮೆಯೂ ಸಿಟ್ಟಾಗಲಿಲ್ಲವೆಂದರೆ ನಾನು ನಂಬಲಾರೆ. ಆದರೂ ಆತ್ಮಗುರುವಾಗಿದ್ದವರು ಕಣ್ಣಾರೆ ಕಂಡು ಬರೆದುದೆಂಬುದನ್ನು ಮರೆಯಬಾರದು. ಆ ಕಾಲದ ಚೀನೀ ಗೃಹಿಣಿಯೊಬ್ಬಳ ಬದುಕನ್ನು ಇಷ್ಟು ಹತ್ತಿರದಿಂದ ತೋರಿಸುವ ಪುಸ್ತಕಗಳು ವಿರಳ. ಪಾಪ, ಕುಪ್ಲೆ ಸ್ವಾಮಿಗಳು ಮತ್ತೆ ಚೀನಾವನ್ನು ಕಾಣಲಿಲ್ಲ. 1693ರಲ್ಲಿ ಹಿಂದಿರುಗುವಾಗ ನಮ್ಮ ಅರಬ್ಬೀ ಸಮುದ್ರದಲ್ಲಿ, ಗೋವೆ ಇನ್ನೇನು ಸಿಗಬೇಕೆನ್ನುವಷ್ಟರಲ್ಲಿ, ಬಿರುಗಾಳಿಗೆ ಹಡಗು ಹೊಯ್ದಾಡಿ ಭಾರವಾದ ಪೆಟ್ಟಿಗೆಯೊಂದು ಮೇಲೆ ಬಿದ್ದು ಪ್ರಾಣಬಿಟ್ಟರು.

ಆಕೆ ಕಟ್ಟಿಸಿದ ಕಟ್ಟಡಗಳು ಹೆಚ್ಚು ಕಾಲ ಶ್ರೀಸಭೆಯ ಕೈಯಲ್ಲಿ ಉಳಿಯಲಿಲ್ಲ. 1724ರಲ್ಲಿ ಯೊಂಗ್‌ಜೆಂಗ್ ಚಕ್ರವರ್ತಿಯು ಕ್ರೈಸ್ತ ಧರ್ಮವನ್ನು ನಿಷೇಧಿಸಿದನು. ದೇವಾಲಯಗಳು ಉಗ್ರಾಣಗಳಾದವು, ಕಚೇರಿಗಳಾದವು, ಅನ್ಯ ದೇವತೆಗಳ ಗುಡಿಗಳಾದವು. ಗುರುಗಳು ಅಪರೂಪಕ್ಕೊಮ್ಮೆ ರಾತ್ರಿಯ ವೇಳೆ ದ್ವೀಪದೋಣಿಗಳಲ್ಲಿ ಬಂದು ಹೋಗುವಂತಾಯಿತು. ನೂರಕ್ಕೂ ಹೆಚ್ಚು ವರ್ಷ ಹೀಗೆಯೇ ಕಳೆದ ಮೇಲೆ, 1842ರಲ್ಲಿ ಯೇಸುಸಭೆಯ ಗುರುಗಳು ಮತ್ತೆ ಆ ಸೀಮೆಯನ್ನು ಪ್ರವೇಶಿಸಿದಾಗ, ಹಳ್ಳಿಹಳ್ಳಿಗಳಲ್ಲಿ ಸಾವಿರಾರು ವಿಶ್ವಾಸಿಗಳು ಎದುರುಗೊಂಡರು. ಜಪಗಳನ್ನು ಕಲಿಸಿ, ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟು, ಹಬ್ಬದ ದಿನಗಳನ್ನು ಲೆಕ್ಕವಿಟ್ಟು ಆ ಜನರನ್ನು ಹಿಡಿದಿಟ್ಟವರಲ್ಲಿ ಮದುವೆಯಾಗದೆ ಮನೆಯಲ್ಲಿಯೇ ದೇವರಿಗೆ ಬಾಳನ್ನರ್ಪಿಸಿದ ಕನ್ಯೆಯರೂ ವಿಧವೆಯರೂ ಬಹಳ ಮಂದಿಯಿದ್ದರು. ಕ್ಯಾಂಡಿಡಮ್ಮನವರು ಒಳಮನೆಯಲ್ಲಿ ಕುಳಿತು ಕಲಿಸಿದ್ದ ಕ್ರಮವೇ ಅದು.

ಪೌಲ ಷು ಅವರ ಸಮಾಧಿಯಿರುವ ಸ್ಥಳಕ್ಕೆ ಆ ಮನೆತನದ ಹೆಸರಿನಿಂದಲೇ ಷುಜಿಯಾಹುಯಿ ಎನ್ನುತ್ತಾರೆ; ಈಗ ಅದು ಶಾಂಘೈ ಮಹಾನಗರದ ನಡುಮಧ್ಯೆ ಇದೆ. 1847ರಲ್ಲಿ ಯೇಸುಸಭೆಯವರು ಅಲ್ಲಿ ನೆಲೆಸಿದರು. 1910ರಲ್ಲಿ ಸಂತ ಇಗ್ನಾಸಿಯವರ ಹೆಸರಿನ ಎರಡು ಗೋಪುರಗಳ ಮಹಾದೇವಾಲಯ ಎದ್ದಿತು. ಅದರ ಸಮೀಪದ ತುಶಾನ್‌ವಾನ್ ಎಂಬಲ್ಲಿ ಗುರುಗಳು ಒಂದು ಅನಾಥಾಲಯವನ್ನು ನಡೆಸುತ್ತಿದ್ದರು. ಅಲ್ಲಿನ ಹುಡುಗರಿಗೆ ಮರಗೆಲಸ, ಚಿತ್ರಕಲೆ, ಅಚ್ಚುಕೆಲಸ ಕಲಿಸುತ್ತಿದ್ದರು. ಕುಪ್ಲೆ ಸ್ವಾಮಿಗಳ ಪುಸ್ತಕದ ಚೀನೀ ಅನುವಾದವು 1938ರಲ್ಲಿ ಅಚ್ಚಾದುದು ಆ ಅನಾಥಾಲಯದ ಮುದ್ರಣಾಲಯದಲ್ಲಿ.